ಹೊಸ ಲ್ಯಾಪ್‌ಟಾಪ್, ಆದ್ರೂ ಗೇಮ್ ಯಾಕ ಲ್ಯಾಗ್ ಹೊಡೀತದ?

"ಅಣ್ಣಾ, ಹೊಸಾ ಲ್ಯಾಪ್‌ಟಾಪ್ ಅದ, ಎಂಬತ್ತು ಸಾವಿರ ಕೊಟ್ಟೀವಿ, ಆದ್ರೂ ಗೇಮ್ ಯಾಕ ಲ್ಯಾಗ್ ಹೊಡೀತದ?" ರಾಯಚೂರಿನಲ್ಲಿ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಲ್ಯಾಗ್ ಅಂದರೆ ಗೇಮ್ ತಡೆತಡೆದು ಓಡುವುದು. ಎಂಜಿನಿಯರಿಂಗ್ ಓದುವ ಹುಡುಗರು ಕೇಳುತ್ತಾರೆ. ಅವರ ಅಪ್ಪಂದಿರೂ ಕೇಳುತ್ತಾರೆ, ಆದರೆ ಅವರ ಪ್ರಶ್ನೆ ಬೇರೆ: "ಅಂಗಡಿಯವ ಟೋಪಿ ಹಾಕ್ಯಾನೇನ್ರಿ?" ಅದಕ್ಕೂ ಉತ್ತರ ಇದೆ, ಕೊನೆಗೆ ಹೇಳುತ್ತೇನೆ.

ಮೊದಲು ನಾನು ತಿರುಗಿ ಕೇಳುವುದು ಒಂದೇ. ಯಾವಾಗ ಲ್ಯಾಗ್? ಗೇಮ್ ಶುರುವಾದಾಗಿನಿಂದಲೇನಾ, ಕಾಲು ಗಂಟೆ ಆಡಿದ ಮೇಲಾ, ಇಲ್ಲ ನಡುನಡುವೆ ಝಟ್ಕಾ ಹೊಡೆಯುತ್ತಾ? ಸುಮ್ನೆ "ಸ್ಲೋ ಅದ" ಅಂದರೆ ಏನೂ ಗೊತ್ತಾಗಲ್ಲ. ಈ ಮೂರಕ್ಕೂ ಕಾರಣ ಬೇರೆ ಬೇರೆ. ಎಲ್ಲದಕ್ಕೂ "ಡ್ರೈವರ್ ಅಪ್‌ಡೇಟ್ ಮಾಡು, ವಿಂಡೋಸ್ ಹೊಸದಾಗಿ ಹಾಕು" ಅನ್ನುವವರ ಮಾತು ಕೇಳಿ ದಿನ ಹಾಳು ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ.

ನಾಲ್ಕನೇದೂ ಒಂದಿದೆ, ಅದು ಲ್ಯಾಪ್‌ಟಾಪಿನದೇ ಅಲ್ಲ. ಚಿತ್ರ ನುಣ್ಣಗೆ ಓಡುತ್ತಿದೆ, ಆದರೆ ವ್ಯಾಲೊರಂಟ್‌ನಂಥ ಆನ್‌ಲೈನ್ ಶೂಟಿಂಗ್ ಗೇಮಿನಲ್ಲಿ ಎದುರಿನವನಿಗೆ ಗುಂಡು ತಾಗುತ್ತಲೇ ಇಲ್ಲ, ನೀವು ಮಾತ್ರ ಗೋಡೆ ಹಿಂದೆ ಹೋದ ಮೇಲೂ ಸಾಯುತ್ತೀರಿ. ಅದು ಇಂಟರ್ನೆಟ್ ಸಮಸ್ಯೆ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ, ಆಗದಿದ್ದರೆ ರೂಟರಿನಿಂದ ನೇರ ಕೇಬಲ್ ಎಳೆಯಿರಿ. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಬೈದು ಉಪಯೋಗವಿಲ್ಲ.

ಶುರುವಿನಿಂದಲೇ ಎಳೆಯುತ್ತಿದೆ ಅಂದರೆ ಮೊದಲು ಚಾರ್ಜರ್ ನೋಡಿ. ಗೇಮ್ ಆಡುವಾಗ ಇಂಥ ಗೇಮಿಂಗ್ ಲ್ಯಾಪ್‌ಟಾಪ್ 150ರಿಂದ 200 ವ್ಯಾಟ್ ತನಕ ಎಳೆಯುತ್ತದೆ. ಬ್ಯಾಟರಿಗೆ ಅಷ್ಟು ಕೊಡುವ ತಾಕತ್ತಿಲ್ಲ. ಹಾಗಾಗಿ ಚಾರ್ಜರ್ ತೆಗೆದ ತಕ್ಷಣ ಮೆಷಿನ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಫೋನಿನ ಟೈಪ್-ಸಿ ಚಾರ್ಜರ್ ಚುಚ್ಚಿದರೂ ಅದೇ ಕಥೆ: ಚಾರ್ಜಿಂಗ್ ಅಂತ ತೋರಿಸುತ್ತದೆ, ಗೇಮ್ ತೆವಳುತ್ತದೆ. ಬಾಕ್ಸ್‌ನಲ್ಲಿ ಬಂದ ಆ ಇಟ್ಟಿಗೆ ಗಾತ್ರದ ಚಾರ್ಜರನ್ನೇ ಹಾಕಬೇಕು.

ನಮ್ಮ ಕಡೆ ಇದಕ್ಕೆ ಇನ್ನೊಂದು ಮಜಾ ಸೇರಿಕೊಳ್ಳುತ್ತದೆ. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ವಿದ್ಯುತ್ ಸ್ಥಾವರ ಮಗ್ಗುಲಲ್ಲೇ ಇದ್ದರೂ ಕರೆಂಟ್ ಹೋಗುವುದು ಹೋಗುತ್ತಲೇ ಇರುತ್ತದೆ. ಮನೆಗಳಲ್ಲಿ ಇನ್ವರ್ಟರ್ ಲೈನನ್ನು ಫ್ಯಾನು, ಲೈಟಿಗೆ ಮಾತ್ರ ಎಳೆದಿರುತ್ತಾರೆ, ಲ್ಯಾಪ್‌ಟಾಪ್ ಚುಚ್ಚಿದ ಪಾಯಿಂಟಿಗೆ ಎಳೆದಿರಲ್ಲ. ಫ್ಯಾನ್ ತಿರುಗುತ್ತಿದೆ, ಲೈಟ್ ಉರಿಯುತ್ತಿದೆ, ಕರೆಂಟ್ ಹೋದದ್ದು ಹುಡುಗನಿಗೆ ಗೊತ್ತೇ ಇಲ್ಲ, ಗೇಮ್ ಮಾತ್ರ ದಿಢೀರ್ ಅಂತ ಅರ್ಧಕ್ಕೆ ಇಳಿದಿರುತ್ತದೆ. "ಸಂಜೆ ಹೊತ್ತು ಮಾತ್ರ ಲ್ಯಾಗ್ ಆಗ್ತದ ಅಣ್ಣ" ಅಂತ ಯಾರಾದರೂ ಅಂದರೆ ನಾನು ಮೊದಲು ಆ ಸ್ವಿಚ್ ಬೋರ್ಡ್ ಕಡೆಗೇ ನೋಡುವುದು.

ಚಾರ್ಜರ್ ಸರಿ ಇದ್ದರೆ, ಗೇಮ್ ಯಾವ ಗ್ರಾಫಿಕ್ಸ್ ಚಿಪ್ ಮೇಲೆ ಓಡುತ್ತಿದೆ ನೋಡಿ. ಇಂಥ ಲ್ಯಾಪ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಎರಡು ಇರುತ್ತವೆ. ಪ್ರೊಸೆಸರ್ ಒಳಗಿನ ಸಣ್ಣದು ಒಂದು, ದುಡ್ಡು ಕೊಟ್ಟು ತಂದ ದೊಡ್ಡದು ಇನ್ನೊಂದು. ಕರೆಂಟ್ ಉಳಿಸೋಣ ಅಂತ ವಿಂಡೋಸ್ ಒಮ್ಮೊಮ್ಮೆ ಗೇಮನ್ನು ಸಣ್ಣದರ ಮೇಲೇ ಓಡಿಸಿಬಿಡುತ್ತದೆ. ಗೇಮ್ ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ. ಸಣ್ಣದು ನೂರಕ್ಕೆ ನೂರು ದುಡಿಯುತ್ತಿದೆ, ದೊಡ್ಡದು ಆರಾಮಾಗಿ ಕೂತಿದೆ ಅಂದರೆ ಕಳ್ಳ ಸಿಕ್ಕಿದ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ, ಗೇಮ್ ಆರಿಸಿ, ಹೈ ಪರ್ಫಾರ್ಮೆನ್ಸ್ ಅಂತ ಇಡಿ. ಅಷ್ಟೇ. ಲೆನೊವೊದಲ್ಲಿ ಎಫ್‌ಎನ್ ಜೊತೆ ಕ್ಯೂ, ಏಸುಸ್‌ನಲ್ಲಿ ಆರ್ಮರಿ ಕ್ರೇಟ್, ಹೀಗೆ ಕಂಪನಿಯವರದೇ ಒಂದು ಪವರ್ ಮೋಡ್ ಇರುತ್ತದೆ. ಅದು ಸೈಲೆಂಟ್‌ನಲ್ಲಿ ಇದ್ದರೆ ಬೇರೆ ಏನು ಮಾಡಿದರೂ ವೇಸ್ಟು. ಸ್ಕ್ರೀನ್ 144 ಹರ್ಟ್ಸ್‌ನದಾಗಿದ್ದರೆ (ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು) 60ರಲ್ಲಿ ಕೂತಿದೆಯಾ ಅಂತಲೂ ಒಂದ್ಸಲ ನೋಡಿ.

ಈಗ ಅಸಲಿ ವಿಷಯ. ಮೊದಲ ಹತ್ತು ಹದಿನೈದು ನಿಮಿಷ ಮಸ್ತ್ ಓಡಿ, ಆಮೇಲೆ ಕುಸಿಯುತ್ತದೆ ಅಂದರೆ ಅದು ಬಿಸಿ. ಪ್ರೊಸೆಸರ್ 95ರಿಂದ 100 ಡಿಗ್ರಿ ಮುಟ್ಟಿದರೆ ಸುಟ್ಟುಹೋಗದಿರಲಿ ಅಂತ ತಾನೇ ವೇಗ ತಗ್ಗಿಸುತ್ತದೆ. ಗ್ರಾಫಿಕ್ಸ್ ಚಿಪ್ ಅದಕ್ಕೂ ಮೊದಲೇ, 87ರ ಆಸುಪಾಸಿನಲ್ಲಿ ತಗ್ಗಿಸುತ್ತದೆ. ಕೋಣೆಯ ಬಿಸಿ ಒಂದು ಡಿಗ್ರಿ ಏರಿದರೆ ಒಳಗೂ ಹೆಚ್ಚುಕಮ್ಮಿ ಒಂದು ಡಿಗ್ರಿ ಏರುತ್ತದೆ. ಯೂಟ್ಯೂಬ್‌ನಲ್ಲಿ ರಿವ್ಯೂ ಮಾಡುವವರು ಎಸಿ ರೂಮಿನಲ್ಲಿ, 25 ಡಿಗ್ರಿಯಲ್ಲಿ ಕೂತು ಟೆಸ್ಟ್ ಮಾಡುತ್ತಾರೆ. ನಾವು ಮೇ ತಿಂಗಳಲ್ಲಿ ಆರ್‌ಸಿಸಿ ಮನೆಯ ಮೇಲಿನ ಕೋಣೆಯಲ್ಲಿ, ಹೊರಗೆ 42 ಇರುವಾಗ ಆಡುತ್ತೇವೆ. ಅವರ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ನಮಗೆ ಎಲ್ಲಿಂದ ಬರಬೇಕು? ಲ್ಯಾಪ್‌ಟಾಪ್ ಕೆಟ್ಟಿಲ್ಲ, ಬ್ಯಾಸಗಿ ಅಷ್ಟೇ.

ಅಂದಾಜಿಗೆ ಹೇಳುವ ಬದಲು ಕಣ್ಣಾರೆ ನೋಡಿ. ಎನ್‌ವಿಡಿಯಾ ಆಪ್ ಇದ್ದರೆ ಆಲ್ಟ್ ಮತ್ತು ಆರ್ ಒಟ್ಟಿಗೆ ಒತ್ತಿದರೆ ಎಫ್‌ಪಿಎಸ್ ಮತ್ತು ಗ್ರಾಫಿಕ್ಸ್ ಕಾರ್ಡಿನ ವಿವರ ಮೂಲೆಯಲ್ಲಿ ಕಾಣುತ್ತದೆ. ಎಚ್‌ಡಬ್ಲ್ಯೂಇನ್ಫೊ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದು ಪ್ರೊಸೆಸರ್ ಎಷ್ಟು ಬಿಸಿಯಾಗಿ ಥ್ರಾಟಲ್ ಆಯಿತು, ಅಂದರೆ ವೇಗ ತಗ್ಗಿಸಿತು ಅನ್ನುವುದನ್ನೂ ತೋರಿಸುತ್ತದೆ. ಬಿಸಿ ಏರಿದ ಹೊತ್ತಿಗೇ ಎಫ್‌ಪಿಎಸ್ ಬಿದ್ದರೆ ಬೇರೆ ಸಾಕ್ಷಿ ಬೇಡ.

ಪರಿಹಾರ ಬಹಳಷ್ಟು ಪುಕ್ಕಟೆಯವೇ. ಮಂಚದ ಮೇಲೆ ಕೌದಿ ಹಾಸಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡುವುದನ್ನು ಇವತ್ತೇ ಬಿಡಿ. ಗಾಳಿ ಎಳೆಯುವ ಕಿಂಡಿ ಹೊಟ್ಟೆಯ ಕೆಳಗೇ ಇರುವುದು. ಪರ್ಸಿ ನೆಲ ತಣ್ಣಗಿರುತ್ತದೆ ಅಂತ ನೆಲದ ಮೇಲಿಟ್ಟರೆ ಕೌದಿಗಿಂತ ವಾಸಿ, ಆದರೆ ನೆಲದ ಧೂಳನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಮೇಜಿನ ಮೇಲಿಟ್ಟು, ಹಿಂದಿನ ಅಂಚನ್ನು ಒಂದಿಂಚು ಎತ್ತರಿಸಿ. ಎರಡು ಬಾಟಲಿ ಮುಚ್ಚಳ ಇಟ್ಟರೂ ಫರಕು ಕಾಣುತ್ತದೆ, ಸಾವಿರ ರೂಪಾಯಿಯ ಕೂಲಿಂಗ್ ಪ್ಯಾಡ್ ಆಮೇಲೆ ನೋಡೋಣ. ಮನೆಯಲ್ಲಿ ನೀರಿನ ಕೂಲರ್ ಇದ್ದರೆ ನಮ್ಮ ಒಣ ಸೆಕೆಯಲ್ಲಿ ಕೋಣೆ ಚೆನ್ನಾಗಿ ತಣ್ಣಗಾಗುತ್ತದೆ, ಆಡುವಾಗ ಹಾಕಿಕೊಳ್ಳಿ, ಆದರೆ ಅದರ ಬಾಯಿಗೇ ಲ್ಯಾಪ್‌ಟಾಪ್ ಹಿಡಿಯಬೇಡಿ, ಹನಿ ಹಾರುತ್ತದೆ.

ಗೇಮಿನೊಳಗೆ ಎಫ್‌ಪಿಎಸ್‌ಗೆ 60 ಅಥವಾ 90 ಅಂತ ಮಿತಿ ಹಾಕಿ. 140ಕ್ಕೆ ಹಾರಿ 50ಕ್ಕೆ ಬೀಳುವುದಕ್ಕಿಂತ ಒಂದೇ ಸಮ 90 ಇದ್ದರೆ ಆಡಲು ಎಷ್ಟೋ ಚೆಂದ. ಇನ್ನೊಂದು ಹಳೇ ಉಪಾಯ: ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡುವುದು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ ಬೂಸ್ಟ್ (ಪ್ರೊಸೆಸರ್ ತಾನೇ ಹೆಚ್ಚಿಸಿಕೊಳ್ಳುವ ವೇಗ) ನಿಲ್ಲುತ್ತದೆ, ಬಿಸಿ ಗಕ್ಕನೆ ಇಳಿಯುತ್ತದೆ. ಕೆಲವು ಗೇಮ್‌ಗಳಲ್ಲಿ ಎಫ್‌ಪಿಎಸ್ ಸ್ವಲ್ಪ ಕಮ್ಮಿಯಾಗುತ್ತದೆ. ಬೇಸಿಗೆಗೆ ನನಗಂತೂ ಇದು ಒಪ್ಪಿಗೆ.

ಧೂಳು ಹೊಸ ಲ್ಯಾಪ್‌ಟಾಪಿಗೆ ಎಲ್ಲಿಂದ ಬಂತು ಅನ್ನಬೇಡಿ. ಹತ್ತಿ ಸೀಸನ್ನಿನಲ್ಲಿ ಜಿನ್ನಿಂಗ್ ಮಿಲ್ಲುಗಳ ಆಸುಪಾಸಿನ ಮನೆಯ ಲ್ಯಾಪ್‌ಟಾಪ್ ಬಿಚ್ಚಿದರೆ, ಫ್ಯಾನಿನ ಮುಂದಿನ ತಾಮ್ರದ ರೆಕ್ಕೆಗಳ ಮೇಲೆ ಬೂದು ಬಣ್ಣದ ನಾರು ಪದರಪದರವಾಗಿ ಕೂತಿರುತ್ತದೆ, ಉಗುರಿನಿಂದ ಎತ್ತಿದರೆ ಬಟ್ಟೆ ತುಂಡಿನ ಹಾಗೆ ಇಡಿಯಾಗಿ ಎದ್ದುಬರುತ್ತದೆ. ಸಂಡೂರು ಕಡೆಯವರಿಗೆ ಅದಿರಿನ ಕೆಂಪು ಧೂಳು. ವಾರಂಟಿ ಇರುವಾಗ ಬಿಚ್ಚುವ ಮೊದಲು ಸರ್ವಿಸ್ ಸೆಂಟರಿಗೆ ಒಂದು ಫೋನ್ ಮಾಡಿ ಕೇಳಿ.

ಇನ್ನು ಝಟ್ಕಾ. ಹೊಸ ಗೇಮ್ ಮೊದಲ ಸಲ ಓಡುವಾಗ ಶೇಡರ್ (ಬೆಳಕು, ನೆರಳು, ಬಣ್ಣ ಮೂಡಿಸುವ ಸಣ್ಣ ಪ್ರೋಗ್ರಾಮ್) ತಯಾರಿಸಿಕೊಳ್ಳುತ್ತದೆ, ಆಗ ತಡವರಿಸುವುದು ಮಾಮೂಲಿ. ಹೊಸ ವಿಂಡೋಸ್ ಕೂಡ ಮೊದಲ ದಿನ ಹಿಂದೆ ಕೂತು ಅಪ್‌ಡೇಟ್ ಇಳಿಸುತ್ತಿರುತ್ತದೆ, ಮುಗಿಯಲು ಬಿಡಿ. ಆಮೇಲೂ ನಿಲ್ಲದಿದ್ದರೆ ರ‍್ಯಾಮ್ ನೋಡಿ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಎರಡರಲ್ಲಿ ಒಂದೇ ಸ್ಲಾಟ್ ಬಳಕೆಯಲ್ಲಿದೆ ಅಂತ ಇದ್ದರೆ, ಕಂಪನಿಯವರು ಒಂದೇ ಕಡ್ಡಿ ಹಾಕಿ ಕಳಿಸಿದ್ದಾರೆ ಅಂತ ಅರ್ಥ. ಎರಡು ಬಾಗಿಲಿನ ಬಸ್ಸಿಗೆ ಒಂದೇ ಬಾಗಿಲು ತೆರೆದ ಹಾಗೆ. ಅದೇ ಗಾತ್ರದ, ಅದೇ ಸ್ಪೀಡಿನ ಇನ್ನೊಂದು ಹಾಕಿಸಿ. ರ‍್ಯಾಮ್‌ನಲ್ಲಿ ಡಿಡಿಆರ್4, ಡಿಡಿಆರ್5 ಅಂತ ಬೇರೆ ಬೇರೆ ತಲೆಮಾರು ಇವೆ, ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಕೂರುವುದಿಲ್ಲ, ತರುವ ಮೊದಲೇ ನೋಡಿಕೊಳ್ಳಿ. ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲದ ಲ್ಯಾಪ್‌ಟಾಪಿಗೆ ಇದರಷ್ಟು ಲಾಭದ ಖರ್ಚು ಇನ್ನೊಂದಿಲ್ಲ. 4 ಜಿಬಿಯ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಇರುವವರು ಗೇಮಿನಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಸೆಟ್ಟಿಂಗ್ ಇಳಿಸಿ, ಅಲ್ಲಿ ತುಂಬಿಹೋಗುವುದು ಕಾರ್ಡಿನ ಸ್ವಂತ ಮೆಮೊರಿ.

ಇನ್ನು ಅಪ್ಪಂದಿರ ಪ್ರಶ್ನೆ. ಟೋಪಿ ಅಲ್ಲ, ಆದರೆ ಹೇಳದೆ ಬಿಟ್ಟ ಮಾತು ಒಂದಿದೆ. ಬಾಕ್ಸ್ ಮೇಲೆ ಆರ್‌ಟಿಎಕ್ಸ್ 4060 ಅಂತ ದೊಡ್ಡದಾಗಿ ಇರುತ್ತದೆ, ವ್ಯಾಟ್ ಇರಲ್ಲ. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪನ್ನು 35ರಿಂದ 115 ವ್ಯಾಟ್ ತನಕ ಎಷ್ಟಕ್ಕೆ ಬೇಕಾದರೂ ಕಂಪನಿ ಹೊಂದಿಸಬಹುದು. ತೆಳ್ಳಗಿನ ಲ್ಯಾಪ್‌ಟಾಪಿನ ಕಡಿಮೆ ವ್ಯಾಟಿನ 4060ಗಿಂತ ದಪ್ಪ ಲ್ಯಾಪ್‌ಟಾಪಿನ ಪೂರ್ತಿ ವ್ಯಾಟಿನ 4050 ಮುಂದೆ ಓಡಿದರೂ ಆಶ್ಚರ್ಯವಿಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಅಂತ ಬರೆದಿರುತ್ತದೆ. ಅದು ಕಡಿಮೆ ಇದ್ದರೆ ಯಾವ ಸೆಟ್ಟಿಂಗೂ ಅದನ್ನು ಏರಿಸಲ್ಲ, ಗೇಮಿನ ಕ್ವಾಲಿಟಿ ಇಳಿಸಿ ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರ ಮಾಡಿ ಎಐನಿಂದ ದೊಡ್ಡದು ಮಾಡುವ ಎನ್‌ವಿಡಿಯಾ ಸೌಲಭ್ಯ) ಹಾಕಿಕೊಂಡು ಆಡಬೇಕು. ಇನ್ನೂ ಕೊಂಡಿಲ್ಲದವರು ಅಂಗಡಿಯಲ್ಲೇ ಆ ಪುಟ ತೆಗೆದು ತೋರಿಸ್ರಿ ಅನ್ನಿ. ಡೆಮೊ ಪೀಸ್ ಇಲ್ಲ ಅಂದರೆ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ ನಂಬರ್ ಹಾಕಿ ಟಿಜಿಪಿ (ಗ್ರಾಫಿಕ್ಸ್ ಚಿಪ್ಪಿನ ವ್ಯಾಟ್) ಎಷ್ಟು ಅಂತ ಹುಡುಕಿ, ಅಲ್ಲೇ ನಿಂತು ಫೋನಲ್ಲೇ ಆಗುವ ಕೆಲಸ.