ಆಲೂಗಡ್ಡೆಯೊಳಗಿನ ಕಂದು ಉಂಗುರ

9 ನವೆಂಬರ್ 2024, ಶನಿವಾರ
ಯಲಹಂಕ, ಬೆಂಗಳೂರು

ದೊಡ್ಡಬಳ್ಳಾಪುರದ ಕಡೆ ಆಲೂಗಡ್ಡೆ ಹಾಕಿರುವ ಚಿಕ್ಕಪ್ಪ ಇಂದು ಬೆಳಿಗ್ಗೆ ಎರಡು ಗಿಡಗಳನ್ನು ಬೇರುಸಮೇತ ಕಿತ್ತು ಕವರಿನಲ್ಲಿ ಸುತ್ತಿಕೊಂಡು ಬಂದಿದ್ದರು. ಎಲೆಗಳಲ್ಲಿ ಚುಕ್ಕೆಯಿರಲಿಲ್ಲ, ಹಳದಿ ಬಣ್ಣವೂ ಇರಲಿಲ್ಲ. ಹಸಿರಾಗಿದ್ದಂತೆಯೇ ಬಾಡಿ ಜೋತುಬಿದ್ದಿದ್ದವು. “ನೀರು ಸಾಲದೇನೋ ಅಂತ ಇನ್ನೊಂದು ಸಲ ಸಾಲಿಗೆ ಬಿಟ್ಟೆ ಕಣಪ್ಪ, ಆಮೇಲೆ ಪಕ್ಕದವೂ ಮಲಗಿದವು” ಎಂದರು. ಔಷಧಿ ಅಂಗಡಿಯವರು ಗಿಡವನ್ನು ನೋಡದೆಯೇ ಅಂಗಮಾರಿ ರೋಗವೆಂದು ಹೇಳಿ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಕೊಟ್ಟಿದ್ದರಂತೆ.

ಕಾಂಡದ ಬುಡವನ್ನು ಬ್ಲೇಡಿನಿಂದ ಕತ್ತರಿಸಿ, ತುದಿ ಮಾತ್ರ ಮುಳುಗುವಂತೆ ಗಾಜಿನ ಲೋಟದ ನೀರಿಗೆ ಇಳಿಬಿಟ್ಟೆ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆಗಳು ನೇರವಾಗಿ ಕೆಳಗಿಳಿಯತೊಡಗಿದವು. ಶಿಲೀಂಧ್ರದಿಂದ ಬಾಡಿದ ಗಿಡದಲ್ಲಿ ಈ ಎಳೆಗಳು ಕಾಣುವುದಿಲ್ಲ; ಇದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ, ಗೆಡ್ಡೆಯಲ್ಲಿ ಇದನ್ನೇ ಕಂದು ಕೊಳೆ ಎನ್ನುತ್ತಾರೆ. ಬೇರಿಗೆ ಅಂಟಿಕೊಂಡಿದ್ದ ಎಳೆಯ ಗೆಡ್ಡೆಯನ್ನು ಹೋಳು ಮಾಡಿದಾಗ ಸಿಪ್ಪೆಯಿಂದ ತುಸು ಒಳಗೆ ಕಂದು ಉಂಗುರವಿತ್ತು, ಅದುಮಿದರೆ ಅಲ್ಲಿಂದ ಕೀವಿನಂಥ ಹನಿಗಳು ಹೊರಬಂದವು. 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ವಿವರಿಸಿದ, ಈಗ ರಾಲ್ಸ್ಟೋನಿಯಾ ಎಂದು ಕರೆಯಲಾಗುವ ಈ ದುಂಡಾಣು ಬೇರಿನ ಗಾಯಗಳ ಮೂಲಕ ಒಳಹೊಕ್ಕು ನೀರು ಸಾಗಿಸುವ ನಾಳಗಳನ್ನೇ ತುಂಬಿಬಿಡುವುದರಿಂದ, ನೆಲ ಒದ್ದೆಯಾಗಿದ್ದರೂ ಗಿಡಕ್ಕೆ ನೀರು ಏರುವುದಿಲ್ಲ. ಹೆಚ್ಚಾಗಿ ಹಾಯಿಸಿದ ನೀರು ರೋಗವನ್ನು ಸಾಲಿನುದ್ದಕ್ಕೂ ಒಯ್ಯುತ್ತದೆ. ಮ್ಯಾಂಕೋಜೆಬ್ ಇದರ ಗೊಡವೆಗೂ ಹೋಗುವುದಿಲ್ಲ.

ಆಲೂಗಡ್ಡೆ ಮಂಡಿಯಲ್ಲಿ ಮೂಗು ಮುಚ್ಚಿಕೊಳ್ಳುವಂತೆ ಮಾಡುವ ಮೃದು ಕೊಳೆ ಬೇರೆಯೇ ರೋಗ. ಅದನ್ನು ತರುವ ಪೆಕ್ಟೊಬ್ಯಾಕ್ಟೀರಿಯಂ ಎಂಬ ದುಂಡಾಣು ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಅನ್ನು ಕರಗಿಸಿ ಗೆಡ್ಡೆಯನ್ನು ಲೋಳೆಯಾಗಿಸುತ್ತದೆ. ಗೆಡ್ಡೆಯ ಮೇಲೆ ತೆಳುವಾಗಿ ನೀರು ನಿಂತರೂ ಒಳಗೆ ಆಮ್ಲಜನಕ ಕಡಿಮೆಯಾಗಿ ಕೊಳೆ ಬೇಗ ಹಬ್ಬುತ್ತದೆ. ಯಶವಂತಪುರದ ಯಾರ್ಡಿಗೆ ಮಳೆಯಲ್ಲಿ ನೆನೆದು ಬಂದ ಮೂಟೆಗಳನ್ನು ಬೇಗ ಬಿಚ್ಚಿ ಹರವಬೇಕಾದದ್ದು ಅದಕ್ಕೇ. ಆದರೂ ನನ್ನ ದೃಷ್ಟಿಯಲ್ಲಿ ಮೃದು ಕೊಳೆ ಪ್ರಾಮಾಣಿಕ ರೋಗ: ನಾತ ಬರುತ್ತದೆ, ಕೈಗೆ ಅಂಟುತ್ತದೆ, ಯಾರೂ ಅಂಥದ್ದನ್ನು ಬಿತ್ತುವುದಿಲ್ಲ. ಕಂದು ಕೊಳೆಯಾದರೋ ಹೊರಗೆ ಏನೂ ತೋರಿಸಿಕೊಳ್ಳದೆ ಗೆಡ್ಡೆಯೊಳಗೆ ಅಡಗಿ ಬಿತ್ತನೆಯ ಜೊತೆಗೇ ಹೊಲ ಸೇರಬಲ್ಲದು.

ಈ ಸಲ ಬಿತ್ತನೆ ಎಲ್ಲಿಯದೆಂದು ಕೇಳಿದೆ. ಪ್ರಮಾಣಿತ ಬೀಜ ದುಬಾರಿಯೆಂದು ಮಂಡಿಯ ಮಾಲನ್ನೇ ತಂದು, ಕಣ್ಣು ನೋಡಿಕೊಂಡು ಮನೆಯಲ್ಲೇ ಹೋಳು ಮಾಡಿದ್ದರಂತೆ. ಎಲ್ಲದಕ್ಕೂ ಒಂದೇ ಚಾಕು. ರೋಗವಿದ್ದ ಒಂದೇ ಗೆಡ್ಡೆಯನ್ನು ಕೊಯ್ದ ಚಾಕು ಮುಂದಿನ ಹೋಳುಗಳಿಗೂ ಅದನ್ನು ಹಂಚಬಲ್ಲದು. ಆಗಾಗ ಅಲಗನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಬೇಕಿತ್ತು, ಇಲ್ಲವೇ ಸಣ್ಣ ಗೆಡ್ಡೆಗಳನ್ನು ಇಡಿಯಾಗಿಯೇ ನೆಡಬೇಕಿತ್ತು. ಹಾಸನದವರು ಪಂಜಾಬಿನ ಜಲಂಧರ್‌ನಿಂದ ಬರುವ ಬಿತ್ತನೆಗೆ ಕಾಯುವುದನ್ನು ಚಿಕ್ಕಪ್ಪ ಬರೀ ಶೋಕಿ ಎನ್ನುತ್ತಿದ್ದರು. ಕಡು ಬೇಸಿಗೆಯ ಪಂಜಾಬಿನ ಬಯಲು ಈ ರೋಗದಿಂದ ಬಹುಮಟ್ಟಿಗೆ ಮುಕ್ತವೆಂದು ಈಗ ವಿವರಿಸಿದಾಗ ಸುಮ್ಮನೆ ಕೇಳಿಸಿಕೊಂಡರು.

ಈ ರೋಗ ಹಿಡಿದ ಗಿಡವನ್ನು ಗುಣಪಡಿಸುವ ಔಷಧಿಯಿಲ್ಲ. ಬಾಡಿದವನ್ನು ಗೆಡ್ಡೆ ಮತ್ತು ಸುತ್ತಲಿನ ಮಣ್ಣಿನೊಂದಿಗೆ ತೆಗೆದು ಹೊಲದಿಂದ ದೂರ ಸಾಗಿಸುವುದು, ಗುಂಡಿಗಳಿಗೆ ಬ್ಲೀಚಿಂಗ್ ಪುಡಿ ಹಾಕುವುದು, ಆ ಸಾಲುಗಳಿಗೆ ಹೋಗುವ ನೀರನ್ನು ಬೇರೆ ಕಡೆಗೆ ತಿರುಗಿಸುವುದು ಎಂದು ತೀರ್ಮಾನವಾಯಿತು. ಮುಂದಿನ ಬೆಳೆಯ ಮಾತು ಬಂದಾಗ ಮಾತ್ರ ಜಗ್ಗಾಟ ನಡೆಯಿತು: ಅವರಿಗೆ ಟೊಮೆಟೊ ಬೇಕು, ಆದರೆ ಟೊಮೆಟೊ, ಬದನೆ, ಮೆಣಸಿನಕಾಯಿ ಎಲ್ಲವೂ ಇದೇ ದುಂಡಾಣುವಿಗೆ ಆಹಾರ. ಕೊನೆಗೆ ಆ ತಾಕಿಗೆ ರಾಗಿ, ಅದರ ಹಿಂದೆ ಮುಸುಕಿನ ಜೋಳ ಎಂದು ಒಪ್ಪಿದರು. ಟೊಮೆಟೊವನ್ನು ರಸ್ತೆಯಾಚೆಯ ಅರ್ಧ ಎಕರೆಯಲ್ಲಿ ಹಾಕುತ್ತಾರಂತೆ, ಅದೂ ಇಲ್ಲಿ ಬಳಸಿದ ಗುದ್ದಲಿಯನ್ನು ತೊಳೆದ ಮೇಲೆ.