ದೆವ್ವಕ್ಕೆ ಕನ್ನಡ ಓದಲು ಬರುತ್ತದೆಯೇ?

ಮಕ್ಕಳ ಕೈಗೆ ದೆವ್ವದ ಕಥೆ ಕೊಡಬೇಡಿ, ರಾತ್ರಿ ನಿದ್ದೆ ಮಾಡುವುದಿಲ್ಲ ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಮಕ್ಕಳು ಓದುವಾಗ ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ ಎನ್ನುತ್ತೇನೆ.

2020ರಲ್ಲಿ ಹಳ್ಳಿಯ ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಪುಟಾಣಿಗಳ ಓಡಾಟ ಹೆಚ್ಚಿದೆ. ಬಿಡುವಾದಾಗ ನಾನೂ ಹೋಗಿ ಅವರ ಜೊತೆ ಓದುತ್ತೇನೆ. ಆಷಾಢದ ಒಂದು ಮಧ್ಯಾಹ್ನ ಹೊರಗೆ ಜಡಿಮಳೆ. ಎಂಟರಿಂದ ಹನ್ನೆರಡು ವರ್ಷದವರಿಗೆಂದು ಬರೆದ ಪುಟ್ಟ ಪುಸ್ತಕವೊಂದನ್ನು ಮಕ್ಕಳೇ ಕಪಾಟಿನಿಂದ ಹುಡುಕಿ ತೆಗೆದರು. ಅಜ್ಜಿ ತೀರಿಕೊಂಡ ಮನೆಯಲ್ಲಿ ನಡುರಾತ್ರಿ ಬೀಸುವ ಕಲ್ಲು ತಾನಾಗಿಯೇ ತಿರುಗುತ್ತದೆ. ಮೊಮ್ಮಗಳು ಚಿಮಣಿ ದೀಪ ಹಿಡಿದು ನೋಡಲು ಹೊರಡುತ್ತಾಳೆ. ಒಬ್ಬೊಬ್ಬರು ಒಂದೊಂದು ಪುಟ ಓದುವುದೆಂದು ಮಾತಾಯಿತು.

‘ನನಗೆ ಯಾವ ದೆವ್ವದ ಹೆದರಿಕೆಯೂ ಇಲ್ಲ’ ಎಂದಿದ್ದ ಐದನೆಯ ತರಗತಿಯ ಹುಡುಗನ ದನಿ ಸಾಲಿನಿಂದ ಸಾಲಿಗೆ ಏರಿತು. ಪೂರ್ಣವಿರಾಮಗಳನ್ನೆಲ್ಲ ಹಾರಿಸಿಕೊಂಡು ಓದಿ, ಪುಸ್ತಕವನ್ನು ಪಕ್ಕದವಳ ಮಡಿಲಿಗೆ ದೂಡಿದ. ಅವಳು ಓದಲಿಲ್ಲ. ಕಾಲುಗಳನ್ನು ಲಂಗದೊಳಗೆ ಎಳೆದುಕೊಂಡು, ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ತೆರೆದಳು. ಆ ಬೆರಳನ್ನು ನೋಡುತ್ತಾ ಕುಳಿತ ನನಗೆ ಅನ್ನಿಸಿದ್ದು ಇಷ್ಟು: ಕತ್ತಲು ಇವರನ್ನು ಕೇಳಿ ಬರುವುದಿಲ್ಲ, ಮನೆಯ ಜಗಳವೂ ಕೇಳಿ ಬರುವುದಿಲ್ಲ. ಈ ಹೆದರಿಕೆಯೊಂದನ್ನು ಮಾತ್ರ ಎಲ್ಲಿ ನಿಲ್ಲಿಸಬೇಕು, ಯಾವಾಗ ಮುಂದುವರಿಸಬೇಕು ಎಂದು ಅವರೇ ತೀರ್ಮಾನಿಸಬಹುದು.

ಕಥೆ ಮುಗಿಯುವ ಮೊದಲೇ ಪ್ರಶ್ನೆ ಬಂತು. ‘ಅಕ್ಕ, ಅಜ್ಜಿ ಬದುಕಿದ್ದಾಗ ಒಳ್ಳೆಯವಳೇ ಅಲ್ಲವಾ? ಸತ್ತ ಮೇಲೆ ಯಾಕೆ ಹೆದರಿಸುತ್ತಾಳೆ?’

ನಾನು ಬಾಯಿ ತೆರೆಯುವುದರೊಳಗೆ ಮೂಲೆಯಲ್ಲಿದ್ದ ಹುಡುಗ ಹೇಳಿದ: ‘ಹೆದರಿಸಲಿಕ್ಕಲ್ಲ. ಹಿಟ್ಟು ಮುಗಿದಿರಬಹುದು.’ ಆ ಬೇಸಿಗೆಯಲ್ಲಿ ಅವನ ಅಜ್ಜಿ ಹೋಗಿದ್ದರು. ಯಾರೂ ನಗಲಿಲ್ಲ.

ಅಲ್ಲಿಂದ ಮಾತು ಬೆಳೆಯಿತು. ಮೊದಲು ಎಲ್ಲರೂ ಎಲ್ಲರ ಪಾದ ನೋಡಿಕೊಂಡರು, ಯಾರದಾದರೂ ಹಿಂದುಮುಂದಾಗಿದೆಯೇ ಎಂದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ದೆವ್ವ ಒಳಗೆ ಬರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಸಂಗತಿಯನ್ನು ಒಬ್ಬಳು ತನ್ನ ಮಾವನ ಬಾಯಲ್ಲಿ ಕೇಳಿದ್ದಳು.

‘ಹಾಗಾದರೆ ದೆವ್ವಕ್ಕೆ ಕನ್ನಡ ಓದಲು ಬರುತ್ತದಾ?’

‘ಬರುತ್ತದೆ. ಅದಕ್ಕೇ ತಿರುಗಿ ಹೋಗುತ್ತಿತ್ತು.’

ಈ ಉತ್ತರ ಎಲ್ಲರಿಗೂ ಒಪ್ಪಿಗೆಯಾಯಿತು. ಕಲ್ಲಿನ ಸದ್ದಿಗೆ ಇಲಿಯೋ ಗಾಳಿಯೋ ಕಾರಣವಿರಬಹುದು ಎಂದು ಮೇಲ್ವಿಚಾರಕಿ ಸೂಚಿಸಿದಾಗ ಮಾತ್ರ ಗಲಾಟೆಯೇ ಎದ್ದಿತು. ಇಲಿ ಬೇಡ, ಅಜ್ಜಿಯೇ ಇರಲಿ! ನನ್ನ ಮತವೂ ಅದೇ. ಭೂತವನ್ನು ಕೊನೆಯ ಪುಟದಲ್ಲಿ ಇಲಿಯಾಗಿಸಿಬಿಡುವ ಕಥೆ ಮಗುವಿನ ಧೈರ್ಯವನ್ನೂ ಸುಳ್ಳಾಗಿಸುತ್ತದೆ. ಮಕ್ಕಳಿಗೆಂದು ಬರೆಯುವವರು ದೀಪವೊಂದನ್ನು ಕೈಗೆಟುಕುವಂತೆ ಇಟ್ಟರೆ ಸಾಕು, ಕತ್ತಲನ್ನು ಅಳಿಸಬೇಕಾಗಿಲ್ಲ.

ಅಂದು ಅತ್ತದ್ದು ಒಬ್ಬನೇ, ಅಕ್ಕನ ಬೆನ್ನು ಹತ್ತಿ ಬಂದಿದ್ದ ಆರು ವರ್ಷದವನು. ಕಥೆ ಅವನ ವಯಸ್ಸಿಗಲ್ಲ, ಅವನು ಕೇಳುತ್ತಲೂ ಇರಲಿಲ್ಲ. ಚಿತ್ರದ ಮೂಲೆಯಲ್ಲಿ ಮುಚ್ಚಿದ ಬಾಗಿಲ ಹೊರಗೆ ಬೆಕ್ಕೊಂದು ಮಳೆಯಲ್ಲಿ ಕುಳಿತಿತ್ತು. ನಾವು ಯಾರೂ ಗಮನಿಸದ ಆ ಬೆಕ್ಕನ್ನು ತೋರಿಸಿ ಬಿಕ್ಕುತ್ತಿದ್ದ.

ಮುಂದಿನ ವಾರ ಒಬ್ಬ ತಾಯಿ ಬಂದರು. ಮಗಳು ಸಂಜೆಯಾದರೆ ಬಚ್ಚಲುಮನೆಗೆ ಒಬ್ಬಳೇ ಹೋಗುವುದಿಲ್ಲವಂತೆ. ‘ನೀವು ಏನು ಮಾಡಿದಿರಿ?’ ಎಂದು ಕೇಳಿದೆ. ಬಾಗಿಲ ಹೊರಗೆ ನಿಂತು, ತಾವು ಚಿಕ್ಕವರಿದ್ದಾಗ ಗದ್ದೆಯಂಚಿನಲ್ಲಿ ಕಂಡ ಕೊಳ್ಳಿದೆವ್ವದ ಕಥೆ ಹೇಳಿದರಂತೆ. ಮಗಳು ನೀರು ತಣ್ಣಗಾಗುವವರೆಗೂ ಹೊರಗೆ ಬರಲಿಲ್ಲವಂತೆ, ಕಥೆ ಪೂರ್ತಿ ಕೇಳಬೇಕಿತ್ತು.

ಈಗ ಮಕ್ಕಳೇ ಒಂದು ದೆವ್ವದ ಕಥೆ ಬರೆಯುತ್ತಿದ್ದಾರೆ. ದೆವ್ವ ಏನು ಬೇಕಾದರೂ ಮಾಡಬಹುದು, ಆದರೆ ಬೆಕ್ಕನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬೇಕು ಎಂದು ಷರತ್ತು ಹಾಕಿಕೊಂಡಿದ್ದಾರೆ.