ಕಲಬುರಗಿಯಿಂದ ಗೋಕರ್ಣ: ಕಡಲ ಪಾಚಿ ನೋಡೋಕೆ ಹೊರಟವರು ಮೊದಲು ಪಂಚಾಂಗ ನೋಡಿ

"ಇವತ್ತು ರಾತ್ರಿ ಸಮುದ್ರ ನೀಲಿ ಹೊಳೀತದೆ, ಗ್ಯಾರಂಟಿ" ಅಂತ ಮುಂಗಡ ಕೇಳೋ ದೋಣಿಯವರು ಕರಾವಳಿಯಲ್ಲಿ ಸಿಗ್ತಾರೆ. ಒಂದು ರೂಪಾಯಿನೂ ಕೊಡಬೇಡಿ. ಹೊಳೆಯೋದು ನಾಕ್ಟಿಲೂಕಾ ಅನ್ನೋ ಏಕಕೋಶ ಜೀವಿ. ಅದು ದಟ್ಟವಾಗಿ ಹೆಚ್ಚಿದ್ದು, ನೀರು ಕದಡಿದಾಗ ಮಾತ್ರ ಬೆಳಕು ಕಾಣ್ತದೆ. 2020ರ ನವೆಂಬರ್‌ನಲ್ಲಿ ಮಲ್ಪೆ ಸುತ್ತಮುತ್ತ ಕಂಡಿತ್ತು. ಗಾಳಿ, ನೀರಿನ ಸೆಳೆತ ಬದಲಾದರೆ ಚದುರಿಹೋಗ್ತದೆ, ಅದಕ್ಕೆ ಟಿಕೆಟ್ ಇಡೋದು ಮೋಸ. ಖರ್ಚಿಲ್ಲದ ಪರೀಕ್ಷೆ ಇದೆ: ಬಾಟಲಿಯಲ್ಲಿ ಸಮುದ್ರದ ನೀರು ತುಂಬಿ, ಕತ್ತಲಲ್ಲಿ ಅಲುಗಾಡಿಸಿ. ಕಿಡಿ ಕಂಡರೆ ದಡದಲ್ಲೇ ನಿಂತು ನೋಡಿ.

ನಿಜವಾಗಿ ನೋಡಬೇಕಾದ ಕಡಲ ಪಾಚಿ ಗೋಕರ್ಣದ ಓಂ ಬೀಚಿನ ಬಂಡೆಗಳ ಮೇಲಿದೆ, ಅದೂ ಇಳಿತದ ಹೊತ್ತಿಗೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರು ಅತಿ ಹೆಚ್ಚು ಹಿಂದೆ ಸರೀತದೆ. ಅಮಾವಾಸ್ಯೆ ಹಿಡಿದರೆ ರಾತ್ರಿ ಕತ್ತಲೂ ಸಿಗ್ತದೆ. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗೋದರಿಂದ ಕಾರವಾರದ ಉಬ್ಬರವಿಳಿತದ ಪಟ್ಟಿ ನೋಡಿ, ಇಳಿತಕ್ಕೆ ಒಂದು ತಾಸು ಮೊದಲೇ ಬಂಡೆ ಸೇರಿ, ನೀರು ತಿರುಗಿದ ಕೂಡಲೇ ಹೊರಡಿ. ಮಳೆಗಾಲದ ಅಲೆ, ರಾಡಿ ನೀರು ಪಾಚಿಯನ್ನು ಕಿತ್ತು ಒಯ್ದಿರ್ತವೆ. ದಸರಾ ರಜೆಗೆ ಹೋದವರಿಗೆ ಎಳೆ ಚಿಗುರಷ್ಟೇ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೇದು.

ಮೇಲಿನ ಬಂಡೆಗಳಲ್ಲಿ ತೆಳು ಹಸಿರು ಹಾಳೆ, ಉಲ್ವಾ. ಚರಂಡಿ ನೀರು ಬೀಳೋ ಕಡೆ ಅದೊಂದೇ ದಟ್ಟವಾಗಿದ್ದರೆ ಸಾರಜನಕ ಹೆಚ್ಚಾಗಿದೆ ಅಂತ ಅನುಮಾನಿಸಿ. ನಮ್ಮ ಕಡೆ ಕೊಳಚೆ ಸೇರಿದ ಕೆರೆ ಹಸಿರಾಗೋದಕ್ಕೂ ಹೆಚ್ಚಾದ ಪೋಷಕಾಂಶಗಳೇ ಕಾರಣ. ನಡುವೆ ಬೀಸಣಿಗೆಯಂಥ ಪಡೈನಾ, ಮೈಮೇಲೆ ಸುಣ್ಣದ ಬಿಳಿ. ಕೆಳಗೆ ಗಾಳಿಗುಳ್ಳೆಗಳಿರೋ ಕಂದು ಸರ್ಗಾಸಮ್, ಅಗರ್ ಅನ್ನೋ ಜೆಲ್ಲಿಯಂಥ ಅಂಟು ತೆಗೆಯೋ ಕೆಂಪು ಗ್ರಾಸಿಲೇರಿಯಾ. ಇವಕ್ಕೆ ಬೇರಿಲ್ಲ, ಇಡೀ ಮೈಯಿಂದಲೇ ಆಹಾರ ಹೀರ್ತವೆ; ಬುಡದ ಹಿಡಿಕೆಯಿಂದ ಬಂಡೆಗೆ ಅಂಟಿರ್ತವೆ. ಕಿತ್ತರೆ ಮತ್ತೆ ಅಂಟಲ್ಲ, ಕೀಳಬೇಡಿ. ದಡಕ್ಕೆ ಬಂದು ಬಿದ್ದ ತುಂಡುಗಳೇ ಸಾಕು: ಬಿಳಿ ತಟ್ಟೆಯಲ್ಲಿ ಸಮುದ್ರದ ನೀರು ಹಾಕಿ ಹರಡಿದರೆ ಆಕಾರ ಪೂರ್ತಿ ಬಿಚ್ಚಿಕೊಳ್ತದೆ. ರಬ್ಬರ್ ಚಪ್ಪಲಿ ಬೇಡ, ಜಾರ್ತದೆ. ಬರಿಗಾಲಾದರೆ ಬಂಡೆಗಂಟಿದ ಚಿಪ್ಪು ಕೊಯ್ತದೆ. ಲೇಸ್ ಇರೋ ಹಳೇ ಕ್ಯಾನ್ವಾಸ್ ಬೂಟೇ ಸರಿ.

ಹುಬ್ಬಳ್ಳಿಯಿಂದ ಅಂಕೋಲಾ ದಾರಿಯಲ್ಲಿ ಅರಬೈಲ್ ಘಾಟ್ ಬರ್ತದೆ. ಬಯಲುಸೀಮೆಯ ಹೊಟ್ಟೆಗೆ ಆ ತಿರುವುಗಳ ರೂಢಿ ಇಲ್ಲ. ಸ್ಲೀಪರ್ ಬಸ್ಸಿನ ಹಿಂಬದಿ ಬರ್ತ್ ಮಾತ್ರ ತಗೋಬೇಡಿ, ಗಾಲಿಯ ಹಿಂದಿನ ಜಾಗ ಎತ್ತಿ ಎತ್ತಿ ಹಾಕ್ತದೆ, ಕಿಟಕಿಯೂ ಸರಿಯಾಗಿ ತೆರೆಯಲ್ಲ. ಹಗಲು ಬಸ್ಸು, ಮುಂದಿನ ಸೀಟು ಮೇಲು.

ಅಂಕೋಲಾದಲ್ಲಿ ಇಳಿದರೆ ದೊಡ್ಡ ಹೋಟೆಲು ಬಿಟ್ಟು ಸಣ್ಣ ಊಟದ ಮನೆ ಹುಡುಕಿ. ಕುಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಬಂಗಡೆ ಸಾರು, ಕೊನೆಗೆ ತೆಂಗಿನ ಹಾಲಿನ ಮುರುಗಲ (ಕೋಕಂ) ಕಡಿ. ಕಡಿ ಮತ್ತೆ ಮತ್ತೆ ಕೇಳಿ, ಬಿಸಿಲಲ್ಲಿ ಬಂದ ಮೈ ತಣ್ಣಗಾಗ್ತದೆ. ಶಾಖಾಹಾರಿಗಳಿಗೆ ತಂಬುಳಿ ಇದ್ದರೆ ಹಬ್ಬ. ಕಟಕ ರೊಟ್ಟಿ, ಶೇಂಗಾ ಹಿಂಡಿ ಜೊತೆಗಿರಲಿ.

ಸಮುದ್ರದ ನೀರು ಕೆಂಪು ಅಥವಾ ದಟ್ಟ ಹಸಿರಾಗಿದ್ದ ದಿನಗಳಲ್ಲಿ ಚಿಪ್ಪುಮೀನು ಮುಟ್ಟಬೇಡಿ. ಕೆಲವು ಪಾಚಿಗಳ ವಿಷ ಅವುಗಳ ಮೈಯಲ್ಲಿ ಸೇರ್ತದೆ, ಕುದಿಸಿದರೂ ಹೋಗಲ್ಲ.